ಸ್ಪೀಕರಿಗೊಂದು ಕಲ್ಲಿನ ಪೀಠ

ಶಬ್ದವೆಂದರೇನು ಎಂಬುದನ್ನು ನಾನು ಮುಳಬಾಗಿಲಿನ ಒಂದು ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷ ಪಾಠ ಮಾಡಿದವನು. ಶಬ್ದ ಕಂಪನದಿಂದ ಹುಟ್ಟುತ್ತದೆ, ಗಾಳಿಯಲ್ಲಿ ಸಾಗುತ್ತದೆ, ಗೋಡೆಗೆ ಬಡಿದು ಹಿಂದಿರುಗುತ್ತದೆ. ಇಷ್ಟೆಲ್ಲ ತಿಳಿದವನಿಗೆ ಮನೆಗೊಂದು ಜೊತೆ ಸ್ಪೀಕರ್ ಆರಿಸುವುದು ಯಾವ ಮಹಾ ಕೆಲಸ? ಹಾಗೆಂದುಕೊಂಡೇ ನಾನು ಹೊರಟೆ.

ಇದು ನಡೆದದ್ದು ಎರಡು ಸಾವಿರದ ಮೂರರಲ್ಲಿ ಎಂದು ನನ್ನ ನೆನಪು. ಹೆಂಡತಿ ವನಜ ನಾಲ್ಕು ಎನ್ನುತ್ತಾಳೆ. ನನ್ನ ನೆನಪಿಗೆ ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವ ಚಟವಿದೆ. ಆದ್ದರಿಂದ ಬರೆದಷ್ಟನ್ನೂ ಅವಳಿಗೆ ಓದಿ ಹೇಳುತ್ತಿದ್ದೇನೆ. ಅವಳು ತಕರಾರು ತೆಗೆದ ಕಡೆಯೆಲ್ಲ ಓದುಗರು ಅವಳನ್ನು ನಂಬುವುದು ಕ್ಷೇಮ.

ಮಾವನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಎರಡು ಬೀದಿ ಆಚೆಗೆ ಅವರ ಮನೆ. ಪ್ರತಿ ಭಾನುವಾರ ಬೆಳಗ್ಗೆ ಪಿಟೀಲಿನ ಪೆಟ್ಟಿಗೆ ಹಿಡಿದು ಅತ್ತೆಯವರ ಜೊತೆ ನಮ್ಮ ಮನೆಗೆ ಬರುತ್ತಿದ್ದರು. ವನಜ ಹಾಡುವುದು, ಅವರು ನುಡಿಸುವುದು, ಅತ್ತೆ ತೊಡೆ ತಟ್ಟಿ ತಾಳ ಹಾಕುವುದು. ಅವಳಿಗೆ ಹಾಡು ಕಲಿಸಿದವರೇ ಮಾವನವರು. ಆ ವರ್ಷ ಯುಗಾದಿ ಕಳೆದ ಮೇಲೆ ಅವರು ಪಿಟೀಲು ತರುವುದನ್ನು ಬಿಟ್ಟರು. ಬರಿಗೈಯಲ್ಲಿ ಬರುವರು. ಹಜಾರದಲ್ಲಿ, ನಾನೇ ಕೈಯಾರೆ ಬಿಚ್ಚಿ ರಿಪೇರಿ ಮಾಡಿ ಮರುಜೀವ ಕೊಟ್ಟ ಫ್ಯಾನಿನ ಕೆಳಗೆ, ಅವರಿಗೆಂದೇ ಮೀಸಲಾದ ಬೆತ್ತದ ಕುರ್ಚಿಯಲ್ಲಿ ಕೂರುವರು. ವನಜ ಹಾಡಿದರೆ ಅವಳ ಮುಖವನ್ನೇ ನೋಡುತ್ತಿದ್ದು, ಒಂದು ದಿನ ಹೇಳಿಯೇಬಿಟ್ಟರು.

"ಕಿವಿ ಮಂದ ಆಗಿದೆ ಕಣಮ್ಮ. ನಿನ್ನ ಬಾಯಿ ಆಡೋದು ಕಾಣತ್ತೆ, ಹಾಡು ಬಂದು ಮುಟ್ತಾ ಇಲ್ಲ."

ಡಾಕ್ಟರಿಗೆ ತೋರಿಸೋಣವೆಂದರೆ ಬೇಡವೇ ಬೇಡ ಎಂದರು. ಆ ದಿನ ವನಜ ಅಡುಗೆಮನೆಯಲ್ಲಿ ಒಲೆ ಹಚ್ಚದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಹೊರಗೆ ಬಂದು ನನಗೊಂದು ಕೆಲಸ ಹೇಳಿದಳು.

"ಒಂದು ಒಳ್ಳೇ ಸ್ಪೀಕರ್ ತನ್ನಿ ರೀ. ಅಪ್ಪನಿಗೆ ನನ್ನ ದನಿ ಸ್ಪಷ್ಟವಾಗಿ ಕೇಳಿಸ್ಬೇಕು. ಕೇಳಿಸಿದ್ರೆ ಮತ್ತೆ ಪಿಟೀಲು ಮುಟ್ತಾರೆ. ಅಷ್ಟೇ, ಇನ್ನೇನೂ ಬೇಡ."

ಇಲ್ಲಿ ಒಂದು ಸಂಗತಿಯನ್ನು ಹಾರಿಸಿ ಮುಂದೆ ಹೋಗಿದ್ದೆ. ವನಜ ಓದನ್ನು ನಿಲ್ಲಿಸಿ, ಕರೋಕೆ ವಿಷಯ ಎಲ್ಲಿ ಎಂದಳು. ಆದ್ದರಿಂದ ಬರೆಯುತ್ತೇನೆ. ಆಗ ಹಾಡುಗಾರರ ದನಿ ತೆಗೆದು ವಾದ್ಯಗಳನ್ನಷ್ಟೇ ಉಳಿಸಿದ ವೀಸೀಡಿಗಳು ಬರತೊಡಗಿದ್ದವು. ಟೀವಿಯಲ್ಲಿ ಸಾಲುಗಳು ಮೂಡುತ್ತವೆ, ಮೈಕು ಹಿಡಿದು ನಾವು ಹಾಡಬೇಕು. ಅಂಥ ಮೂರು ವೀಸೀಡಿಗಳನ್ನು ನಾನು ಬೀರುವಿನಲ್ಲಿ, ಪ್ಯಾಂಟುಗಳ ಅಡಿಯಲ್ಲಿ, ಸೂಕ್ತ ಕಾಲಕ್ಕಾಗಿ ಕಾಯ್ದಿರಿಸಿದ್ದೆ. ನನ್ನೊಳಗೊಬ್ಬ ಸಿನಿಮಾ ಗಾಯಕ ಇದ್ದಾನೆಂಬುದು ಆಗ ನನಗೊಬ್ಬನಿಗೇ ತಿಳಿದಿತ್ತು. ಸೂಕ್ತ ಕಾಲ ಬಂದಿತ್ತು!

ಸ್ಪೀಕರ್ ಆರಿಸಲು ಕೋಲಾರಕ್ಕೆ ಹೋಗುವಾಗ ಚಲಪತಿಯನ್ನು ಜೊತೆಗೆ ಕರೆದುಕೊಂಡೆ. ಅವನು ಮದುವೆ ಮುಂಜಿಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ನನ್ನ ಹಳೆಯ ವಿದ್ಯಾರ್ಥಿ. ಶಬ್ದದ ಪಾಠದಲ್ಲಿ ನನ್ನ ಕೈಯಲ್ಲೇ ಫೇಲಾದವನು. ಸಲಹೆ ಕೇಳಲಿಕ್ಕಲ್ಲ, ಪೆಟ್ಟಿಗೆ ಹೊರಲಿಕ್ಕೆ ಅವನು ಬೇಕಾಗಿದ್ದ. ಹೊರಡುವಾಗ ವನಜ ನನ್ನ ಜೇಬಿಗೆ ಒಂದು ಕ್ಯಾಸೆಟ್ಟು ತುರುಕಿದಳು. ಹಿಂದಿನ ವರ್ಷ ಮನೆಯಲ್ಲೇ ಟೇಪ್ ಮಾಡಿದ ಅವಳ ಹಾಡು ಮತ್ತು ಮಾವನವರ ಪಿಟೀಲು. ಅಂಗಡಿಯಲ್ಲಿ ಇದನ್ನು ಹಾಕಿಸಿ ಕೇಳಿ, ಎಂದಳು.

ನಮಗೆ ಬೇಕಾದದ್ದು ಆಂಪ್ಲಿಫೈಯರು ಹೊಟ್ಟೆಯೊಳಗೇ ಇರುವ ಸ್ಪೀಕರು. ಬೇರೆ ಪೆಟ್ಟಿಗೆ ಬೇಡ, ನೇರವಾಗಿ ಕರೆಂಟಿಗೆ ಸಿಕ್ಕಿಸಿದರಾಯಿತು. ಅಂಗಡಿಯವನು ಎಂಟು ಇಂಚಿನದ್ದನ್ನೂ ಹದಿನೈದು ಇಂಚಿನದ್ದನ್ನೂ ಪಕ್ಕಪಕ್ಕ ಇಟ್ಟ. ಎಂಟರಲ್ಲಿ ಹಾಡು ಕೇಳಿಸಿತು. ಹದಿನೈದರಲ್ಲಿ ಹಾಡು ಎದೆಗೆ ಗುದ್ದಿತು. ಡ್ರಮ್ಮು ಬಾರಿಸಿದಾಗಲೆಲ್ಲ ನನ್ನ ಪಂಚೆ ಅಲುಗಾಡಿತು. ವನಜ ಇಲ್ಲಿ ಅಡ್ಡ ಬಂದಳು. ನಾನು ಪ್ಯಾಂಟು ಹಾಕಿಕೊಂಡು ಹೋಗಿದ್ದೆನಂತೆ. ಇರಲಿ, ಏನೋ ಒಂದು ಅಲುಗಾಡಿತು.

"ಎಂದುಕು ಸಾರ್ ಇಷ್ಟು ದೊಡ್ಡದು?" ಎಂದು ಚಲಪತಿ ತೆಲುಗು ಬೆರೆಸಿ ಕೇಳಿದ. "ಮನೆ ಸಾರ್ ಅದು, ಕಲ್ಯಾಣಮಂಟಪ ಅಲ್ಲ. ಎಂಟು ಇಂಚು ಸಾಕು. ಇದನ್ನ ಆವನಿ ಬೆಟ್ಟದ ಮೇಲೆ ಇಟ್ರೆ ಮುಳಬಾಗಿಲಿಗೆ ಕೇಳಿಸ್ತದೆ. ಅಕ್ಕನ ಕ್ಯಾಸೆಟ್ಟು ಹಾಕಿ ನೋಡಿ ಒಂದ್ಸಲ."

ಶಬ್ದದಲ್ಲಿ ಮೂವತ್ತೈದು ಅಂಕ ತೆಗೆಯಲಾರದವನ ಬಾಯಿಂದ ಇದನ್ನು ಕೇಳಬೇಕಾಯಿತಲ್ಲ ಎಂದು ಖೇದವಾಯಿತು. ಕಿವಿ ಮಂದವಾದವರಿಗೆ ದೊಡ್ಡದೇ ಬೇಕು ಕಣೋ, ಇದು ಸಾಮಾನ್ಯ ವಿಜ್ಞಾನ ಎಂದು ತಿಳಿಹೇಳಿ, ಹದಿನೈದರ ಜೊತೆಯನ್ನೇ ಕಟ್ಟಿಸಿದೆ. ಬಸ್ಸಿನಲ್ಲಿ ಸದರಿ ಸ್ಪೀಕರುಗಳು ಕಿಟಕಿ ಪಕ್ಕ ಕೂತು ಬಂದವು. ನಾವಿಬ್ಬರೂ ನಿಂತು ಬಂದೆವು.

ಕ್ಯಾಸೆಟ್ಟು ಮಾರನೆಯ ದಿನ ಅಂಗಿ ಒಗೆಯಲು ತೆಗೆದಾಗ ವನಜಳ ಕೈಗೆ ಸಿಕ್ಕಿತು. ಅವಳು ಟೀವಿಯ ಮೇಲೆ, ನನಗೆ ಸದಾ ಕಾಣುವಂತೆ, ಅದನ್ನು ನೆಟ್ಟಗೆ ನಿಲ್ಲಿಸಿಟ್ಟಳು.

ಮುಂದಿನ ಭಾನುವಾರ ಪ್ರಯೋಗ. ವನಜ ಮೈಕು ಹಿಡಿದು ಮೊದಲ ಸ್ವರ ಎತ್ತಿದಳೋ ಇಲ್ಲವೋ, ಅಟ್ಟದ ಮೇಲಿನ ಸ್ಟೀಲು ಪಾತ್ರೆಗಳೆಲ್ಲ ಅವಳ ಜೊತೆ ಶುರುವಾದವು. ನೆಲದ ಕಡಪಾ ಕಲ್ಲು ಕಾಲಡಿಯಲ್ಲಿ ಗುಂಯ್‌ಗುಟ್ಟಿತು. ಅವಳ ದನಿ ಎಂಬುದು ಈ ಗದ್ದಲದ ತಳದಲ್ಲೆಲ್ಲೋ ಬಾವಿಗೆ ಬಿದ್ದ ಕೊಡದಂತೆ ಬುಡಬುಡ ಎನ್ನುತ್ತಿತ್ತು. ಮಾವನವರು ಬೆತ್ತದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಬೀದಿಯ ಕೊನೆಯ ಹಿಟ್ಟಿನ ಗಿರಣಿಯನ್ನು ಭಾನುವಾರವೂ ಓಡಿಸುತ್ತಾರೆಯೇ ಎಂದು ವಿನಯದಿಂದ ವಿಚಾರಿಸಿದರು.

ವಾಪಸ್ಸು ಕೊಟ್ಟು ಚಿಕ್ಕದು ತನ್ನಿ ಎಂದಳು ವನಜ. ಹಿಂದುಗಡೆ ದಪ್ಪ ಸದ್ದು ತಗ್ಗಿಸುವ ಬೇಸ್ ಗುಂಡಿ ಇರುತ್ತದೆ ಸಾರ್, ಎಡಕ್ಕೆ ತಿರುಗಿಸಿ ಎಂದ ಚಲಪತಿ. ಇಬ್ಬರ ಮಾತನ್ನೂ ನಾನು ಕೂಲಂಕಷವಾಗಿ ಪರಿಶೀಲಿಸಿ ತಳ್ಳಿಹಾಕಿದೆ. ಕಾಯಿಲೆ ಸ್ಪೀಕರಿನದ್ದಲ್ಲ, ನೆಲದ್ದು. ಕಂಪನ ನೆಲಕ್ಕಿಳಿಯದಂತೆ ಸ್ಪೀಕರನ್ನು ಬಹಳ ಭಾರದ, ಅಲುಗದ ವಸ್ತುವಿನ ಮೇಲೆ ಕೂರಿಸಬೇಕು. ಕೋಲಾರ ಜಿಲ್ಲೆಯಲ್ಲಿ ಭಾರವಾದ, ಅಲುಗದ ವಸ್ತುವಿಗೇನು ಬರ? ನಾನು ಮಾಲೂರಿನ ಬಸ್ಸು ಹಿಡಿದು ಶಿವಾರಪಟ್ಟಣಕ್ಕೆ ಹೋದೆ.

ಅಲ್ಲಿ ಮನೆಮನೆಯ ಮುಂದೆ ವಿಗ್ರಹ ಕಡೆಯುತ್ತಾರೆ. ನನಗೆ ಸಿಕ್ಕಿದ ಆಚಾರ್ರು ಅರ್ಧ ಮುಗಿದ ಗಣಪತಿಯ ಸೊಂಡಿಲು ತಿದ್ದುತ್ತಿದ್ದರು. ಎರಡೂವರೆ ಅಡಿ ಎತ್ತರದ ಎರಡು ಪೀಠ ಬೇಕೆಂದೆ.

"ಯಾವ ದೇವರಿಗೆ ಸ್ವಾಮಿ?"

ದೇವರಿಗಲ್ಲ, ಹಾಡು ಕೇಳುವ ಪೆಟ್ಟಿಗೆ ಇಡಲಿಕ್ಕೆ ಎಂದು ಅಳತೆಯ ಚೀಟಿ ಕೊಟ್ಟೆ. ಆಚಾರ್ರು ಚೀಟಿಯನ್ನೂ ನನ್ನನ್ನೂ ನೋಡಿದರು.

"ಮೇಲೆ ನೀವು ಏನಾದ್ರೂ ಇಟ್ಕೊಳ್ಳಿ. ಪೀಠ ಅಂದ್ಮೇಲೆ ನಮ್ ಕೈಯಿಂದ ಒಂದೇ ಥರ ಬರೋದು. ಮುಖ ಯಾವ ದಿಕ್ಕಿಗೆ?"

ಸ್ಪೀಕರಿನ ಮುಖ ಯಾವ ದಿಕ್ಕಿಗೆ ಎಂದು ಕೇಳಿದ ಮೊದಲ ಮನುಷ್ಯ! ಶಬ್ದ ಸಾಗುವ ದಿಕ್ಕಿನ ಮಹತ್ವ ಬಲ್ಲವರು ಇವರೊಬ್ಬರೇ ಎಂದು ಸಂತೋಷಪಟ್ಟು, ಪೂರ್ವಕ್ಕೆ ಎಂದೆ.

"ಹಾಗಾದ್ರೆ ಗೋಮುಖ ಉತ್ತರಕ್ಕೆ," ಎಂದು ಅವರು ಕಲ್ಲಿನ ಮೇಲೆ ಸುಣ್ಣದ ಗೆರೆ ಎಳೆದರು. ಗೋಮುಖವೆಂದರೆ ಏನೋ ಅಲಂಕಾರವಿರಬೇಕೆಂದು ನಾನು ತಲೆಯಾಡಿಸಿದೆ. ಕೇಳಬಹುದಿತ್ತು. ಮೇಷ್ಟ್ರುಗಳು ಪ್ರಶ್ನೆ ಕೇಳುವುದು ಉತ್ತರ ತಮಗೆ ಗೊತ್ತಿರುವಾಗ ಮಾತ್ರ.

ಮೂರು ವಾರದ ಮೇಲೆ ಟೆಂಪೋದಲ್ಲಿ ಪೀಠಗಳು ಬಂದವು. ಆರು ಜನ ಹಗ್ಗ ಕಟ್ಟಿ, ಬೊಂಬು ತೂರಿಸಿ, ಹೊಸಿಲಿನ ಒಂದು ಮೂಲೆ ಕಿತ್ತು ಒಳಗೆ ತಂದರು. ಸುತ್ತ ಎರಡು ಸಾಲು ಕಮಲದ ದಳ. ಮೇಲೆ ಅಂಚಿನುದ್ದಕ್ಕೂ ನೀಟಾದ ಕಾಲುವೆ. ಆ ಕಾಲುವೆ ಹೋಗಿ ಸೇರುವುದು ಎಡಗಡೆಗೆ ಚಾಚಿದ ಒಂದು ಕಲ್ಲಿನ ಬಾಯಿಗೆ. ಗೋಮುಖವೆಂದರೆ ಅಭಿಷೇಕದ ನೀರು ಹೊರಗೆ ಬೀಳುವ ದಾರಿ ಎಂದು ಆಗ ತಿಳಿಯಿತು. ಪಕ್ಕದ ಮನೆಯವರು ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ವನಜ ಮಾತ್ರ ಟೀವಿಯ ಮೇಲಿನ ಕ್ಯಾಸೆಟ್ಟನ್ನೊಮ್ಮೆ, ಪೀಠಗಳನ್ನೊಮ್ಮೆ ನೋಡಿದಳು.

"ಅಪ್ಪನಿಗೆ ಹಾಡು ಕೇಳಿಸಿ ಅಂದ್ರೆ ಗುಡಿ ಕಟ್ತಿದೀರಲ್ಲ ರೀ."

ಆ ಭಾನುವಾರ ಎಲ್ಲರೂ ಸೇರಿದರು. ಮಾವನವರು ಬೆತ್ತದ ಕುರ್ಚಿಯಲ್ಲಿ, ತಲೆಯ ಮೇಲೆ ನನ್ನ ಫ್ಯಾನು. ಹೇಗೋ ವನಜ ಅವರನ್ನು ಒಪ್ಪಿಸಿ ಪಿಟೀಲನ್ನೂ ತರಿಸಿದ್ದಳು. ಪೆಟ್ಟಿಗೆ ತೆರೆಯದೆ ಅವರ ಕಾಲ ಬಳಿ ಇತ್ತು. ಇವತ್ತು ಕೇಳಿಸದಿದ್ದರೆ ಇನ್ನು ಅವರನ್ನು ಪೀಡಿಸುವುದಿಲ್ಲ ಎಂದು ಅವಳು ಹಿಂದಿನ ದಿನ ಹೇಳಿದ್ದಳು. ನಾನು ಸ್ಪೀಕರುಗಳನ್ನು ಪೂರ್ವಾಭಿಮುಖವಾಗಿ ಕೂರಿಸಿದೆ. ವೈರುಗಳೆಲ್ಲ ಬಂದು ಸೇರುವ ಎಕ್ಸ್‌ಟೆನ್ಷನ್ ಬಾಕ್ಸನ್ನು ಕಣ್ಣಿಗೆ ಬೀಳದ ಜಾಗದಲ್ಲಿ ಇಡಬೇಕಿತ್ತು. ಎಡ ಪೀಠದ ಪಕ್ಕ, ಆ ಕಲ್ಲಿನ ಬಾಯಿಯ ನೇರ ಕೆಳಗೆ, ಹೇಳಿ ಮಾಡಿಸಿದಂಥ ಜಾಗವಿತ್ತು.

ಹೊಸ ಸ್ಕೂಟರಿಗೂ ಮಿಕ್ಸಿಗೂ ಮಾಡಿದ ಹಾಗೆ ಅತ್ತೆ ಸ್ಪೀಕರುಗಳಿಗೆ ಅರಿಶಿನ ಕುಂಕುಮ ಹಚ್ಚಿದರು, ಹೂ ಏರಿಸಿದರು. ಪೀಠದ ಕಾಲುವೆಯ ಮೇಲೆ ಒಮ್ಮೆ ಬೆರಳಾಡಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ಚೆನ್ನಾಗಿ ಮಾಡಿದ ಪೀಠವನ್ನು ಬರಿದೇ ಇಟ್ಟುಕೊಳ್ಳಬಾರದು, ಕಾಲುವೆಗೆ ಒಂದು ಲೋಟ ಹಾಲು ಎರೆಯಲೇ ಎಂದು ಕೇಳಿದರು. ನೋಡಿ, ಕೇಳಿದರು. ಅವರದೇನೂ ತಪ್ಪಿಲ್ಲ. ನಾನಾಗ ಮೈಕು ಹಿಡಿದು ಹಲೋ ಹಲೋ ಎನ್ನುತ್ತಿದ್ದೆ. ಮೈಕಿನಲ್ಲೇ ಉತ್ತರ ಕೊಟ್ಟೆ.

"ಎರೀರಿ ಅತ್ತೆ. ಕಲ್ಲಿಗೇನಾಗತ್ತೆ!"

ಆ ಸ್ಪೀಕರುಗಳಿಂದ ಹೊರಟ ಕೊನೆಯ ಮಾತು ಅದೇ.

ಆಚಾರ್ರ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ಲೋಪವಿರಲಿಲ್ಲ. ಒಂದು ಹನಿಯೂ ಅಂಚು ದಾಟಲಿಲ್ಲ, ಒಂದು ಹನಿಯೂ ನಿಲ್ಲಲಿಲ್ಲ. ಹಾಲು ಕಾಲುವೆಯಲ್ಲಿ ಸುತ್ತಿ, ಗೋಮುಖಕ್ಕೆ ಬಂದು, ಬಿಳಿಯ ದಾರದಂತೆ ನೇರವಾಗಿ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇಳಿಯಿತು. ಟಪ್ ಎಂದಿತು. ಎರಡೂ ಸ್ಪೀಕರುಗಳ ಕೆಂಪು ದೀಪಗಳು ಒಟ್ಟಿಗೆ ಆರಿದವು. ಮನೆಯ ಫ್ಯೂಸು ಹೋಯಿತು. ಸುಟ್ಟ ಹಾಲಿನ ವಾಸನೆ ಹಬ್ಬಿತು. ನಾನು ತಕ್ಷಣ ಮೈನ್ ಸ್ವಿಚ್ ಆರಿಸಿದೆ ಎಂದು ಬರೆದಿದ್ದೆ. ವನಜ ಅದನ್ನು ಹೊಡೆದುಹಾಕಿಸಿದಳು. ಆರಿಸಿದವಳು ಅವಳು. ನಾನು ಸತ್ತ ಮೈಕಿನಲ್ಲಿ ಇನ್ನೂ ಹಲೋ ಎನ್ನುತ್ತಿದ್ದೆನಂತೆ.

ತಲೆಯ ಮೇಲೆ ಫ್ಯಾನು ಮೆಲ್ಲಗೆ ಸುತ್ತು ಕಡಿಮೆ ಮಾಡಿ ನಿಂತಿತು. ಅತ್ತೆ ಖಾಲಿ ಲೋಟ ಹಿಡಿದು, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಸಣ್ಣಗೆ, ನನ್ನಿಂದ ಏನಾದರೂ ಆಯಿತಾ ಎಂದರು.

"ಫ್ಯೂಸ್ ಹೋಗಿದೆ ಅಷ್ಟೇ ಕಣೇ, ನಿನ್ನಿಂದ ಏನಿಲ್ಲ," ಎಂದರು ಮಾವ.

ವನಜ ಸ್ವಿಚ್ ಬೋರ್ಡಿನ ಹತ್ತಿರ ನಿಂತವಳು ತಿರುಗಿ ನೋಡಿದಳು. ಆಮೇಲೆ ಸದ್ದಿಲ್ಲದೆ ಅಡುಗೆಮನೆಯ ಬಾಗಿಲಿಗೆ ಹೋಗಿ, ಗೋಡೆಗೆ ಮುಖ ಮಾಡಿ, ಪಿಸುದನಿಯಲ್ಲಿ ಅಂದಳು.

"ಅಪ್ಪಾ, ಕಾಫಿ ತರ್ಲಾ?"

"ಸಕ್ಕರೆ ಕಮ್ಮಿ ಹಾಕು."

ಅವರು ನಾಲಿಗೆ ಕಚ್ಚಿಕೊಂಡರು. ಆದರೆ ತಡವಾಗಿತ್ತು. ವನಜ ಬಂದು ಅವರೆದುರು ನೆಲದ ಮೇಲೆ ಕೂತಳು. ಅವರ ಮುಖವನ್ನೇ ನೋಡಿದಳು. ಮಾವನವರು ನನ್ನ ಕಡೆಗೊಮ್ಮೆ, ಫ್ಯಾನಿನ ಕಡೆಗೊಮ್ಮೆ ನೋಡಿ, ಮೂವತ್ತು ವರ್ಷದ ಕಚೇರಿ ಅನುಭವದಿಂದ ಪದಗಳನ್ನು ಆರಿಸಿಕೊಂಡರು.

"ಆ ಫ್ಯಾನು ಯುಗಾದಿಗೆ ಅಳಿಯಂದಿರು ತಾವೇ ಕೂತು ರಿಪೇರಿ ಮಾಡಿದ್ದು. ಅದರ ಕೆಳಗೆ ಕೂತ್ರೆ ಕಟಕಟ ಬಿಟ್ಟು ಬೇರೇನೂ ಕೇಳಿಸಲ್ಲ. ಅಳಿಯಂದಿರಿಗೆ ಹೇಗಮ್ಮ ಹೇಳೋದು? ಕಿವಿ ನನ್ನದು, ತಪ್ಪು ಅದರ ಮೇಲೆ ಹಾಕಿದ್ರೆ ಯಾರಿಗೂ ಬೇಜಾರಿಲ್ಲ."

ಹೇಳಬೇಡಿ ಎಂದು ತಾನೇ ಅಂದದ್ದಾಗಿ ಅತ್ತೆ ಸೆರಗು ಹಿಂಡುತ್ತ ಒಪ್ಪಿಕೊಂಡರು. ಯುಗಾದಿ ಕಳೆದ ಹೊಸದರಲ್ಲಿ ಮಾವನವರು ಫ್ಯಾನು ಆರಿಸಲೆಂದು ಒಮ್ಮೆ ಚಳಿಯಾಗುತ್ತಿದೆ ಎಂದಿದ್ದರಂತೆ. ನನಗೂ ನೆನಪಾಯಿತು. ಏಪ್ರಿಲ್ ತಿಂಗಳು. ನಾನು ಓಡಿಹೋಗಿ ಶಾಲು ತಂದು ಹೊದಿಸಿದ್ದೆ.

ವನಜ ನಕ್ಕಳು ಎಂದು ನನ್ನ ನೆನಪು. ಅಳು ಬಂತೋ ನಗು ಬಂತೋ ಗೊತ್ತಿಲ್ಲ ಎನ್ನುತ್ತಾಳೆ ಅವಳು. ಆಮೇಲೆ ಅಲ್ಲೇ ಕೂತಲ್ಲೇ, ಮೈಕಿಲ್ಲದೆ, ಶ್ರುತಿಪೆಟ್ಟಿಗೆಗೂ ಕರೆಂಟಿಲ್ಲದೆ, ಸಣ್ಣ ದನಿಯಲ್ಲಿ ಹಾಡತೊಡಗಿದಳು. ಎರಡನೆಯ ಸಾಲಿಗೆ ಮಾವನವರು ಪೆಟ್ಟಿಗೆ ತೆರೆದು ತಂತಿ ಬಿಗಿದರು. ಮೂರನೆಯದಕ್ಕೆ ಪಿಟೀಲು ಸೇರಿತು. ಅಟ್ಟದ ಪಾತ್ರೆಗಳು ಸುಮ್ಮನಿದ್ದವು. ಫ್ಯೂಸ್ ಹಾಕಲು ಬಂದ ಚಲಪತಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೂತುಬಿಟ್ಟ. ಹಾಡು ಮುಗಿದ ಮೇಲೆ ನನ್ನ ಕಿವಿಯ ಬಳಿ ಬಗ್ಗಿದ.

"ಫ್ಯೂಸು ಆಮೇಲೆ ಹಾಕ್ಲಾ ಸಾರ್?"

ಶಬ್ದದ ಪಾಠದಲ್ಲಿ ಅವನನ್ನು ಫೇಲು ಮಾಡಿದ್ದಕ್ಕೆ ಅವತ್ತು ಮೊದಲ ಸಲ ನಾಚಿಕೆಯಾಯಿತು.

ಹೊಸ ಫ್ಯಾನು ಬಂತು. ಅದನ್ನು ಹಾಕುವಷ್ಟು ಹೊತ್ತು ನನ್ನನ್ನು ತರಕಾರಿ ತರಲು ಕಳಿಸಿದ್ದರು. ಒಂದು ಪೀಠದ ಮೇಲೆ ತುಳಸಿ ಇದೆ. ನೀರು ಹಾಕಿದರೆ ಗೋಮುಖದಿಂದ ಇಂದಿಗೂ ಒಂದು ಹನಿ ಆಚೀಚೆ ಹೋಗದೆ ಇಳಿಯುತ್ತದೆ. ಇನ್ನೊಂದರ ಮೇಲೆ ಭಾನುವಾರ ನಾನು ಕೂರುತ್ತೇನೆ. ಹಾಡಲಿಕ್ಕಲ್ಲ, ಕೇಳಲಿಕ್ಕೆ. ಸ್ಪೀಕರುಗಳು ಅಟ್ಟದಲ್ಲಿವೆ. ಒಳಗೆ ಸುಟ್ಟಿರುವುದು ಒಂದು ಸಣ್ಣ ಬೋರ್ಡು ಮಾತ್ರ, ರಿಪೇರಿ ಆಗುತ್ತದೆ ಎಂದು ಚಲಪತಿ ಹೇಳಿದ್ದಾನೆ. ಅದಕ್ಕೆ ಅವನೇಕೆ, ನಾನೇ ಬಿಚ್ಚಿ ನೋಡುತ್ತೇನೆ ಎಂದಿದ್ದೆ.

ಅವತ್ತಿನಿಂದ ಮನೆಯಲ್ಲಿ ಸ್ಕ್ರೂಡ್ರೈವರ್ ಕಾಣುತ್ತಿಲ್ಲ.