ನೋಮ್ ಜನಾಂಗದ ಪ್ರತ್ಯೇಕತೆ ಕುರಿತ ತೀರ್ಮಾನ

ವೆಂಡಲ್ ಮೊದಲ ಸಲ ಊರು ಬಿಟ್ಟು ಹೊರಟದ್ದು ಬೀಜಗಣಿತದ ಪರೀಕ್ಷೆಯಿದ್ದ ಸೋಮವಾರ. ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಆದರೆ ಎಲೆ ಉದುರುವ ಕಾಲಕ್ಕೆ ಅಮೆರಿಕದ ವಿಸ್ಕಾನ್ಸಿನ್ನಿನ ಆ ಊರಿಗೆ ತಪ್ಪದೆ ಮರಳುತ್ತಿದ್ದ. ಚರ್ಚಿನ ನೆಲಮಾಳಿಗೆಯಲ್ಲಿ ದಾಳ ಉರುಳಿಸಿ ಕಲ್ಪನೆಯ ರಾಜ್ಯಗಳಲ್ಲಿ ಸಾಹಸ ಮಾಡುವ ಸಂಘವೊಂದಿತ್ತು. ಅಲ್ಲಿ ಅವನ ಪಾತ್ರ ಪಿಬ್ಬಿನ್ ಎಂಬ ನೋಮ್, ಅಂದರೆ ನೆಲದಡಿ ಬಾಳುವ, ಗಡ್ಡವಿಲ್ಲದ ಕುಳ್ಳ ಜೀವಿ. ಪಿಬ್ಬಿನ್‌ಗೆ ಗುಡ್ಡದಡಿ ಸ್ವಂತ ಬಿಲವಿತ್ತು. ಎಲ್ಲೂ ಕಾಲು ನಿಲ್ಲದ ವೆಂಡಲ್‌ಗೆ ಮನೆ ಅಂತ ಇದ್ದದ್ದು ಅದೊಂದೇ.

ಈ ಸಲ ಅಧ್ಯಕ್ಷ ಗುಂಥರ್ ಪ್ರಕಟಿಸಿದ: "ನೋಮ್ ಪ್ರತ್ಯೇಕ ಜನಾಂಗವೆಂದು ಇಂದು ರುಜುವಾತಾಗದಿದ್ದಲ್ಲಿ, ಸದರಿ ಜನಾಂಗವನ್ನು ಗಡ್ಡಧಾರಿ ಕುಬ್ಜ ಜನಾಂಗದಲ್ಲಿ ವಿಲೀನಗೊಳಿಸಲಾಗುವುದು. ವಿಲೀನಗೊಂಡವರು ಗಡ್ಡ ಬಿಡತಕ್ಕದ್ದು, ಬಿಲ ತೆರವು ಮಾಡತಕ್ಕದ್ದು."

"ಗಡ್ಡ ಬಿಟ್ರೆ ಪಿಬ್ಬಿನ್ ಸತ್ತ ಹಾಗೇ ಕಣಯ್ಯ!" ಎಂದ ವೆಂಡಲ್.

"ಹಾಗಾದ್ರೆ ವ್ಯತ್ಯಾಸ ಹೇಳು," ಎಂದಳು ಮಾಯಾವಿ ಎಲ್ಫ್ ಜನಾಂಗದ ರಾಣಿಯ ಪಾತ್ರಧಾರಿ ಡಾರ್ಲಾ, ಕರಿದ ಚೀಸ್ ಮೆಲ್ಲುತ್ತ. "ಕುಳ್ಳು ಅನ್ಬೇಡ, ಕುಬ್ಜರೂ ಕುಳ್ಳೇ. ಮಾಯೆ ಅನ್ಬೇಡ, ಅದು ನಮ್ದು."

"ನೋಮ್‌ಗೆ ಮೂಗು ದೊಡ್ಡದು. ತನ್ನ ಜೋಕಿಗೆ ತಾನೇ ಮೊದಲು ನಗ್ತಾನೆ. ಬಿಲದ ಪ್ರಾಣಿಗಳ ಭಾಷೆ ಬರುತ್ತೆ. ಕುಬ್ಜನಿಗೆ ಚಿನ್ನ ಸಿಕ್ರೆ ಬಚ್ಚಿಡ್ತಾನೆ, ನೋಮ್‌ಗೆ ಸಿಕ್ರೆ ಅದಕ್ಕೊಂದು ಸ್ಪ್ರಿಂಗ್ ಹಾಕ್ತಾನೆ!"

ಹೇಳಿ ವೆಂಡಲ್ ತಾನೇ ಮೊದಲು ನಕ್ಕ. ಬೇರೆ ಯಾರೂ ನಗಲಿಲ್ಲ. ಅಷ್ಟರಲ್ಲಿ ಅವನ ಕೈ, ಕೆಟ್ಟುನಿಂತ ಕಾಫಿ ಯಂತ್ರವನ್ನು ಬಿಚ್ಚಿಟ್ಟಿತ್ತು. ಸಭೆ ಅವನ ದೊಡ್ಡ ಮೂಗನ್ನೇ ನೋಡಿತು.

"ಬರ್ತಾ ರಸ್ತೇಲಿ ಯಾರ್ ಜೊತೆ ಮಾತಾಡ್ತಿದ್ದೆ?" ಗುಂಥರ್ ಕೇಳಿದ.

"ಬಿಲ ತೋಡೋ ಬ್ಯಾಜರ್ ಒಂದು ಅಡ್ಡ ನಿಂತಿತ್ತು. ದಾರಿ ಬಿಡು ಅಂತ ಹೇಳ್ದೆ. ಪಾಪ, ಬಿಲಕ್ಕೆ ಹೋಯ್ತು."

ವೆಂಡಲ್ಲೇ ನೋಮ್ ಇರಬಹುದೆಂಬ ಸಂಶಯದ ಪರಿಹಾರಕ್ಕೆ ಸಂಘದ ಪದ್ಧತಿಯಂತೆ ಇಪ್ಪತ್ತು ಮುಖದ ದಾಳ ಉರುಳಿಸಲಾಯಿತು. ಇಪ್ಪತ್ತೇ ಬಿತ್ತು, ಅಂದರೆ ನಿಸ್ಸಂಶಯವಾಗಿ ಹೌದು. ಗುಂಥರ್ ತೀರ್ಪು ಓದಿದ: ಜೀವಂತ ಮಾದರಿ ಹಾಜರಾದ ಕಾರಣ ನೋಮ್ ಪ್ರತ್ಯೇಕ ಜನಾಂಗವೆಂದು ಸಾಬೀತಾಗಿದೆ. ಸಂಘದ ಸದಸ್ಯತ್ವ ಮನುಷ್ಯರಿಗೆ ಮಾತ್ರವಾದ್ದರಿಂದ ಸದರಿ ಮಾದರಿಯ ಸದಸ್ಯತ್ವ ರದ್ದಾಗಿದೆ. ನೋಮ್ ಪಾತ್ರವನ್ನು ನೋಮ್ ಆಡಿದರೆ ಪಕ್ಷಪಾತವಾಗುವುದರಿಂದ ಪಿಬ್ಬಿನ್‌ನನ್ನು ಡಾರ್ಲಾಗೆ ವಹಿಸಲಾಗಿದೆ.

"ಲೋ ಗುಂಥರ್, ನಾನು ಮನುಷ್ಯ ಕಣೋ!"

"ಇನ್ನೊಂದ್ಸಲ ದಾಳ ಹಾಕೋಣ್ವಾ? ಒಂದು ಬಿದ್ರೆ ಸಾಕ್ಷಿ ಹೋಯ್ತು, ಪಿಬ್ಬಿನ್‌ಗೆ ಗಡ್ಡ, ನೋಡ್ಕೊ."

ವೆಂಡಲ್ ಬಿಲವನ್ನು ನೆನೆದ. "ಬೇಡ ಬಿಡು," ಎಂದು ಚೀಲ ಎಳೆದುಕೊಂಡ. "ಡಾರ್ಲಾ, ಬಿಲದ ಬಾಗಿಲಿಗೆ ಆಗಾಗ ಎಣ್ಣೆ ಬಿಡ್ತಿರು. ಕಿರ್ ಅನ್ನುತ್ತೆ."

"ಆಯ್ತಪ್ಪ. ಹೋಗೋ ಮುಂಚೆ ಆ ಹೀಟರ್ ಒಂಚೂರು ನೋಡು. ನಿಮ್ಮವರ ಕೈಗುಣ ನಮಗಿಲ್ಲ."

ವೆಂಡಲ್ ನೋಡಿದ. ನೆಲಮಾಳಿಗೆ ಬೆಚ್ಚಗಾಯಿತು. ಸ್ಪ್ಯಾನರನ್ನು ಚೀಲಕ್ಕೆ ತುರುಕುತ್ತ ಕುಬ್ಜರ ಬಗ್ಗೆ ಇನ್ನೊಂದು ಜೋಕು ಹೇಳಿ, ತಾನೇ ಮೊದಲು ನಕ್ಕ. ಅದನ್ನೂ ಸಾಕ್ಷ್ಯವೆಂದು ಸಭೆ ಸರ್ವಾನುಮತದಿಂದ ಅಂಗೀಕರಿಸಿತು.