ಬರ್ತೀನಿ ಅಂದು ಹೋದವನು

ಪ್ರವಾಸಕ್ಕೆ ಹೋದವರು ಏನಾದರೊಂದನ್ನು ಬಿಟ್ಟು ಬರುವುದು ಇದ್ದದ್ದೇ. ಕೆಲವರು ಲಾಡ್ಜಿನ ಮೊಳೆಯ ಮೇಲೆ ಟವೆಲ್ ಬಿಟ್ಟು ಬರುತ್ತಾರೆ, ಕೆಲವರು ಹಲ್ಲಿನ ಸೆಟ್ಟನ್ನು ಲೋಟದಲ್ಲಿ ಬಿಟ್ಟು ಬರುತ್ತಾರೆ. ನಾನು ನನ್ನ ಅಕ್ಕನನ್ನು ಬಿಟ್ಟು ಬಂದೆ. ಮರೆತು ಬಿಟ್ಟಿದ್ದರೆ ಹೇಳಿಕೊಳ್ಳಲು ಇಷ್ಟು ಸಂಕೋಚವಾಗುತ್ತಿರಲಿಲ್ಲ. ಗೊತ್ತಿದ್ದೇ, ಅವಳ ಮುಖ ನೋಡುತ್ತಲೇ, ಒಂದು ಗುಡ್ಡದ ಹಳ್ಳಿಯ ಜಗಲಿಯ ಮೇಲೆ ಅವಳನ್ನು ಬಿಟ್ಟು ಮುಂದೆ ನಡೆದುಬಿಟ್ಟೆ. ಅವಳ ಜೊತೆಗಿರುವುದೊಂದೇ ನನಗೆ ಒಪ್ಪಿಸಿದ್ದ ಕೆಲಸ. ಅದೊಂದನ್ನೇ ನಾನು ಮಾಡಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅದನ್ನು ಬಿಟ್ಟಾಗ ನಮ್ಮ ಮೇಷ್ಟ್ರಿಗೂ ನನಗೂ ಸಮಾಧಾನವೇ ಆಗಿತ್ತು. ಇದು ಹಾಗಲ್ಲ.

ತೆಲುಗು ಸೀಮೆಯ ಗಡಿಯೂರಾದ ಆದೋನಿಯಲ್ಲಿ ನನ್ನದೊಂದು ಗಾದಿ ಅಂಗಡಿ ಇದೆ. ಹತ್ತಿ ತುಂಬಿಸಿ ಗಾದಿ, ತಲೆದಿಂಬು ಹೊಲಿಸಿ ಮಾರುತ್ತೇನೆ. ಮಾಲು ಮೆತ್ತಗಿದೆಯೋ ಇಲ್ಲವೋ ಎಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿ ನೋಡುವುದು ನನ್ನ ವ್ಯಾಪಾರದ ಒಂದು ಭಾಗ. ಈ ಭಾಗವನ್ನು ನಾನು ಎಂದೂ ತಪ್ಪಿಸಿದವನಲ್ಲ. ಅದರ ಫಲ ಹೊಟ್ಟೆಯ ಮೇಲೆ ಕಾಣಿಸಿಕೊಂಡಾಗ ಡಾಕ್ಟರು ನಡೆಯಲು ಹೇಳಿದರು. ಹಾಗಾಗಿ ಬೆಳಿಗ್ಗೆ ಕೋಟೆಯ ಗುಡ್ಡದ ಬುಡದಲ್ಲಿ ವಾಕಿಂಗ್ ಮಾಡುವ ಪೇಟೆಯವರ ಗುಂಪಿಗೆ ಸೇರಿಕೊಂಡೆ. ನಮ್ಮ ನಡಿಗೆ ಹೇಗೆಂದರೆ, ನಡೆಯುವುದಕ್ಕಿಂತ ನಿಂತು ಹತ್ತಿಯ ರೇಟು ಮಾತಾಡುವುದೇ ಹೆಚ್ಚು. ಅಂಥ ಗುಂಪಿಗೆ ಹತ್ತಿ ವ್ಯಾಪಾರಿ ಚೆನ್ನಪ್ಪನೇ ಟ್ರೆಕ್ಕಿಂಗ್ ಎಂಬ ಮಾತನ್ನು ತಂದದ್ದು. ತೆಲುಗು ಸೀಮೆಯ ಆ ತುದಿಗಿರುವ ಅರಕು ಕಡೆಯ ಗುಡ್ಡಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆಸಿಕೊಂಡು ಹೋಗುವ ಗೈಡುಗಳಿದ್ದಾರಂತೆ, ಹಳ್ಳಿಯವರ ಮನೆಗಳಲ್ಲೇ ಊಟ, ಅಲ್ಲೇ ನಿದ್ದೆಯಂತೆ. ಎಲ್ಲರೂ ಹೂಂ ಎಂದರು. ನಾನು ಬಾಯಿ ತೆರೆಯುವ ಮೊದಲೇ ಚೆನ್ನಪ್ಪ, "ಈರಣ್ಣ, ನೀ ಬ್ಯಾಡಪಾ. ಗಾದಿ ಮ್ಯಾಲಿಂದ ನಿನ್ನ ಎಬ್ಬಸಾಕನ ಇಬ್ರು ಬೇಕು. ಗುಡ್ಡ ಹತ್ತಸಾಕ ಎಷ್ಟು ಮಂದಿನ್ನ ತರೂನು?" ಎಂದ. ನಾನು ಅಲ್ಲೇ ಹೆಸರು ಕೊಟ್ಟೆ.

ಆ ಟ್ರೆಕ್ಕಿಂಗಿಗೆ ಒಂದು ನಿಯಮವಿತ್ತು. ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಬೇಕು. ಜೋಡಿ ಕುಳಿತರೆ ಕೂರಬೇಕು, ಎದ್ದರೆ ಏಳಬೇಕು. ನನ್ನ ಹೆಂಡತಿಯನ್ನು ಕೇಳಿದೆ. "ಹಪ್ಪಳ ಒಣಗಸಾಕ ಮಾಳಿಗಿ ಹತ್ತು ಅಂದ್ರ ಮಕಾ ತಿರುವ್ತಿ. ಈಗ ಗುಡ್ಡ ಹತ್ತತೀಯಾ? ಹೋಗ್ ಬಾ, ನಾ ಇಲ್ಲೇ ನಗ್ತಾ ಇರ್ತೀನಿ" ಎಂದಳು. ಆಗ ನೆನಪಾದವಳು ಹೊಳಗುಂದಕ್ಕೆ ಕೊಟ್ಟಿರುವ ನನ್ನ ಅಕ್ಕ ನೀಲಮ್ಮ. ಫೋನ್ ಮಾಡಿದರೆ ಅವಳು ಖರ್ಚು ಕೇಳಲಿಲ್ಲ, ದೂರ ಕೇಳಲಿಲ್ಲ. "ಅಲ್ಲಿ ಜ್ವಾಳದ ರೊಟ್ಟಿ ಸಿಗ್ತೈತೇನೋ?" ಎಂದಷ್ಟೇ ಕೇಳಿದಳು. ಸಿಗುವುದಿಲ್ಲ ಎಂದೆ. "ಹಂಗಾರ ಹಿಟ್ಟು ನಾ ತರ್ತೀನಿ ಬಿಡು" ಎಂದು ಫೋನ್ ಇಟ್ಟಳು. ಅವಳನ್ನು ಬಸ್ಸಿಗೆ ಹತ್ತಿಸುವಾಗ ಅವಳ ಗಂಡ, ನಮ್ಮ ಮಾವ, ನನಗೆ ಫೋನ್ ಮಾಡಿ, "ಈರಣ್ಣ, ಆಕಿ ಊರು ಬಿಟ್ಟು ಹೋದಾಕಿ ಅಲ್ಲ. ನಿನ್ನ ಕೈಯಾಗ ಕೊಟ್ಟೀನಿ ನೋಡಪಾ" ಎಂದರು. ನಾನು ಎದೆಯ ಮೇಲೆ ಕೈಯಿಟ್ಟು ಭರವಸೆ ಕೊಟ್ಟೆ. ಫೋನಿನಲ್ಲಿ ಅದು ಕಾಣದಿದ್ದರೂ ಕೊಟ್ಟೆ.

ಇಲ್ಲಿ ನಮ್ಮ ಅವ್ವನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಹೊಸ್ತಿಲು ದಾಟುವಾಗ ಯಾರೂ "ಹೋಗ್ತೀನಿ" ಅನ್ನುವಂತಿರಲಿಲ್ಲ, "ಬರ್ತೀನಿ" ಅನ್ನಬೇಕು. ಒಮ್ಮೆ ನಾನು ಬಾಯಿ ತಪ್ಪಿ "ಹೋಗ್ತೀನಿ" ಅಂದಾಗ ಅವ್ವ ಬೀದಿಯ ತುದಿಯಿಂದ ವಾಪಸ್ಸು ಕರೆದು, ಕೂರಿಸಿ, ನೀರು ಕುಡಿಸಿ, "ಬರ್ತೀನಿ" ಅನ್ನಿಸಿಯೇ ಕಳಿಸಿದ್ದಳು. ಅಂದಿನಿಂದ ನನ್ನ ನಾಲಿಗೆಗೆ ಅದು ಅಂಟಿಕೊಂಡಿದೆ. ಮದುವೆ ಮನೆಯಲ್ಲಿ, ಬ್ಯಾಂಕಿನಲ್ಲಿ, ಹಲ್ಲು ಕೀಳಿಸಿಕೊಂಡ ಡಾಕ್ಟರ ಬಳಿ, ಎಲ್ಲಿಂದ ಎದ್ದರೂ "ಬರ್ತೀನಿ" ಅನ್ನುತ್ತೇನೆ. ಹಾಗೆ ಹೇಳಿ ಬಂದ ಕಡೆಗೆಲ್ಲ ನಿಜವಾಗಿ ತಿರುಗಿ ಹೋಗಿದ್ದರೆ ನನಗೆ ಗಾದಿ ಅಂಗಡಿಯ ಬಾಗಿಲು ತೆರೆಯಲು ಪುರಸೊತ್ತೇ ಸಿಗುತ್ತಿರಲಿಲ್ಲ. ತೆಲುಗಿನವರಲ್ಲೂ ಇದೇ ಪದ್ಧತಿ. ಹೊರಟವನು "ವಸ್ತಾ" ಎಂದರೆ ಬರುತ್ತೇನೆ ಎಂದಲ್ಲ, ಹೊರಟೆ ಎಂದೇ ಅರ್ಥ. ಇದು ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೆ.

ಗೈಡ್ ಸುಂದರಮ್ಮ ಆ ಗುಡ್ಡದವಳೇ. ನಡುವಯಸ್ಸಿನ ಗಟ್ಟಿ ಹೆಂಗಸು, ಕೊರಳಲ್ಲಿ ಸೀಟಿ. ಅವಳು ನಮ್ಮ ನಡುವೆ ನಡೆಯುತ್ತಿದ್ದಳು; ಎಲ್ಲರಿಗಿಂತ ಹಿಂದೆ, ಮಾತೇ ಆಡದ ಅವಳ ಗಂಡ. ಮೊದಲ ದಿನ ಇಳಿಜಾರು, ಎಲ್ಲ ಚೆನ್ನಾಗಿತ್ತು. ಎರಡನೆಯ ದಿನ ಏರು ಶುರುವಾಯಿತು. ನಮ್ಮ ಅಕ್ಕ ಹೊಳಗುಂದದ ಎರೆ ಹೊಲಗಳಲ್ಲಿ ಬೆಳಗಿನಿಂದ ಸಂಜೆವರೆಗೆ ನಡೆಯಬಲ್ಲವಳು. ಆದರೆ ಅವಳ ಮೊಣಕಾಲಿಗೆ ಮುಂದೆ ಹೋಗುವುದು ಗೊತ್ತಿತ್ತೇ ಹೊರತು ಮೇಲೆ ಹೋಗುವುದು ಗೊತ್ತಿರಲಿಲ್ಲ. ಐದಾರು ಮನೆಗಳ ಒಂದು ಸಣ್ಣ ಹಳ್ಳಿ ಬಂದಾಗ ಒಂದು ಮನೆಯ ಜಗಲಿಯ ಮೇಲೆ ಕೂತು, "ತಡಿಯೋ ಈರ್ಯಾ, ಸ್ವಲ್ಪ ಉಸುರು ಬಿಡೂನು" ಎಂದಳು. ನಾನೂ ಕೂರಬೇಕಿತ್ತು. ಕೂರಲು ಬಾಗಿದ್ದೆ ಕೂಡ. ಅಷ್ಟರಲ್ಲಿ ಮೇಲಿನ ತಿರುವಿನಿಂದ ಚೆನ್ನಪ್ಪನ ಧ್ವನಿ ಬಂತು: "ಏನಪಾ, ಗಾದಿ ಹಾಸ್ಯಾರೇನು ಅಲ್ಲಿ?"

ನನ್ನ ಬೆನ್ನು ನೆಟ್ಟಗಾಯಿತು. "ಅಕ್ಕಾ, ಬರ್ತೀನಿ" ಎಂದೆ, ಹೊರಟೆ. ಅಕ್ಕ "ಹೂಂನಪಾ" ಎಂದಳು.

ಚೆನ್ನಪ್ಪನನ್ನು ಹಿಂದೆ ಹಾಕಿದೆ. ಹೇಗೆ ಹಾಕಿದೆನೋ ನನಗೂ ತಿಳಿಯದು. ಮೇಲಿನ ಹಳ್ಳಿಗೆ ಎಲ್ಲರಿಗಿಂತ ಮೊದಲು ತಲುಪಿ, ಬಂಡೆಯ ಮೇಲೆ ಕೂತು, ಬಂದವರಿಗೆಲ್ಲ "ಬರ್ರಿ ಬರ್ರಿ" ಎಂದು ಸ್ವಂತ ಮನೆಯವನಂತೆ ಸ್ವಾಗತ ಮಾಡಿದೆ. ಸುಂದರಮ್ಮ ಬಂದವಳೇ ಜೋಡಿ ಲೆಕ್ಕ ಹಾಕುತ್ತ ನನ್ನ ಮುಂದೆ ನಿಂತು, "ಮೀ ಜೋಡಿ ಎಕ್ಕಡಂಡಿ?" ಎಂದು ಕೇಳಿದಳು. ನನ್ನ ಜೋಡಿ ಎಲ್ಲಿ ಎಂದು. ಕೆಳಗಿನ ಜಗಲಿಯ ಮೇಲೆ ಎನ್ನಬೇಕಿತ್ತು. "ವೆನಕ ವಸ್ತಾ ಉಂದಿ" ಎಂದೆ. ಹಿಂದೆ ಬರುತ್ತಿದ್ದಾಳೆ ಎಂದು. ಇಷ್ಟು ಹಸೀ ಸುಳ್ಳನ್ನು ಇಷ್ಟು ಒಳ್ಳೆಯ ತೆಲುಗಿನಲ್ಲಿ ನಾನು ಹಿಂದೆಂದೂ ಹೇಳಿರಲಿಲ್ಲ. ಆಮೇಲೆ ಚಹಾ ಕುಡಿದೆ. ಚೆನ್ನಾಗಿಯೂ ಇತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಚಹಾ ಮುಗಿಯುವ ಹೊತ್ತಿಗೆ ಎಲ್ಲರಿಗಿಂತ ಹಿಂದಿದ್ದ ಸುಂದರಮ್ಮನ ಗಂಡ ಬಂದ. ಒಬ್ಬನೇ ಬಂದ. ಕೆಳಗಿನ ಹಳ್ಳಿಯ ಜಗಲಿಗಳ ಮೇಲೆ ಯಾರೂ ಇರಲಿಲ್ಲವಂತೆ, ದಾರಿಯಲ್ಲೂ ಯಾರೂ ಸಿಗಲಿಲ್ಲವಂತೆ. ಸುಂದರಮ್ಮ ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ಮೋಡ ಇಳಿದು ಕೆಳಗಿನ ದಾರಿಯನ್ನು ನಮ್ಮ ಅಂಗಡಿಯ ಹಿಂಜಿದ ಹತ್ತಿಯಂತೆ ಮುಚ್ಚಿಬಿಟ್ಟಿತು. ಒಂದು ಪಕ್ಕಕ್ಕೆ ಕಣಿವೆ. ಅಕ್ಕನಿಗೆ ಆ ಕಾಲುದಾರಿ ಗೊತ್ತಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ನನ್ನನ್ನು ಕಾಯಲಾರದೆ ಅವಳೊಬ್ಬಳೇ ಎದ್ದು ಬೇರೆ ದಾರಿ ಹಿಡಿದಿದ್ದರೆ? ನಾನು ಓಡಿದೆ. ಗಾದಿ ಅಂಗಡಿಯ ಈರಣ್ಣ ಓಡಿದ್ದನ್ನು ಆದೋನಿಯ ಜನ ಮೊದಲ ಸಲ ನೋಡಿದ್ದು ಅಂದೇ. ಸುಂದರಮ್ಮ ಸೀಟಿ ಊದುತ್ತ ಬೆನ್ನ ಹಿಂದೆಯೇ ಬಂದಳು.

"ಅಕ್ಕಾ! ಅಕ್ಕಾ!" ಎಂದು ಕೂಗಿಕೊಂಡು ಆ ಹಳ್ಳಿಗೆ ಇಳಿದೆ. ಅಕ್ಕ ಎಂದರೆ ತೆಲುಗಿನಲ್ಲೂ ಅಕ್ಕನೇ. ಮಂಜಿನೊಳಗಿಂದ ಒಂದೊಂದೇ ಬಾಗಿಲು ತೆರೆದು ಹೆಂಗಸರು ಹೊರಬಂದರು. "ಏಂ ತಮ್ಮುಡೂ?" ಎಂದು, ಏನು ತಮ್ಮಾ ಎಂದು, ಒಬ್ಬಳು ಕೇಳಿದಳು. ಇನ್ನೊಬ್ಬಳು ನನ್ನ ಮುಖ ನೋಡಿ ನೀರು ತಂದಳು. ಒಬ್ಬ ಅಕ್ಕನನ್ನು ಕಳೆದುಕೊಂಡವನಿಗೆ ಇಷ್ಟೊಂದು ಅಕ್ಕಂದಿರು ಸಿಕ್ಕರು, ಬೇಕಾದವಳು ಮಾತ್ರ ಇಲ್ಲ. ಜಗಲಿ ಖಾಲಿ.

ಆಗ ಕೇಳಿಸಿತು. ಪಟ್ ಪಟ್ ಪಟ್, ನಡುವೆ ಒಂದು ಕ್ಷಣ ಬಿಡುವು, ಮತ್ತೆ ಪಟ್ ಪಟ್. ಆ ಗುಡ್ಡದಲ್ಲಿ ರಾಗಿ ಅಂಬಲಿ ಕುಡಿಯುವವರಿದ್ದಾರೆ, ಅನ್ನ ಉಣ್ಣುವವರಿದ್ದಾರೆ. ಜೋಳದ ರೊಟ್ಟಿ ಬಡಿಯುವವರು ಯಾರೂ ಇಲ್ಲ. ಹುಟ್ಟಿದಾಗಿನಿಂದ ನನ್ನನ್ನು ಬೆಳಿಗ್ಗೆ ಎಬ್ಬಿಸಿದ ಸದ್ದು ಅದು. ಜಗಲಿಯ ಹಿಂದಿನ ಅಡುಗೆ ಮನೆಗೆ ನುಗ್ಗಿದರೆ ನಮ್ಮ ಅಕ್ಕ ಮರದ ಹಲಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಾಳೆ, ಆ ಮನೆಯ ಮುದುಕಿ ಒಲೆ ಊದುತ್ತ ಬೆರಗಾಗಿ ನೋಡುತ್ತಿದ್ದಾಳೆ! ನನಗೆ ಅಳು ಬಂತು, ನಗು ಬಂತು, ಕೊನೆಗೆ ಎರಡೂ ಸೇರಿ ಬಿಕ್ಕಳಿಕೆ ಬಂತು.

"ಬಂದ್ಯಾ? ಕುಂದ್ರು. ಬಿಸೀದು ಹಾಕ್ತೀನಿ" ಎಂದಳು ಅಕ್ಕ. ಆಮೇಲೆ ಸುಂದರಮ್ಮನ ಕಡೆ ತಿರುಗಿ, "ಮಾ ತಮ್ಮುಡು ವಸ್ತಾನನಿ ಚೆಪ್ಪಿನಾಡು, ವಚ್ಚಿನಾಡು" ಎಂದಳು. ತಮ್ಮ ಬರ್ತೀನಿ ಅಂದಿದ್ದ, ಬಂದ. ಅಷ್ಟೇ. ಸುಂದರಮ್ಮ ನನ್ನನ್ನು ಒಮ್ಮೆ ನೋಡಿದಳು. "ವಸ್ತಾ" ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೀಟಿಯನ್ನು ಬಾಯಿಂದ ತೆಗೆದು, ಸೆರಗಿನಿಂದ ಒರೆಸಿ, ರೊಟ್ಟಿಗೆ ಕೈ ಚಾಚಿದಳು.

ಅಲ್ಲೇ ಬಾಯಿ ಬಿಡಬೇಕಿತ್ತು. ಆದರೆ ನನ್ನ ಬಾಯಿ ತುಂಬ ರೊಟ್ಟಿಯಿತ್ತು. ಅಕ್ಕನ ಮಾತು ಗುಂಪಿಗೆಲ್ಲ ಹಬ್ಬಿತು. "ಮಾತಂದ್ರ ಈರಣ್ಣಂದು ನೋಡ್ರಿ. ಮ್ಯಾಲ ಹತ್ತಿದಾವ ಅಕ್ಕಗೋಸ್ಕರ ಮತ್ತ ಇಳದ!" ಎಂದು ಚೆನ್ನಪ್ಪನೇ ಬೆನ್ನು ತಟ್ಟಿದ. ಅವನ ಹೀಯಾಳಿಕೆ ಹೊರುವುದು ನನಗೆ ರೂಢಿಯಿತ್ತು, ಹೊಗಳಿಕೆ ಹೊರಲಾಗಲಿಲ್ಲ. ಉಳಿದ ದಾರಿಯುದ್ದಕ್ಕೂ ಅಕ್ಕನ ಚೀಲ ನಾನೇ ಹೊತ್ತೆ, ರೈಲಿನಲ್ಲಿ ಕಿಟಕಿಯ ಸೀಟು ಕೊಟ್ಟೆ, ಬೇಡವೆಂದರೂ ಇಡ್ಲಿ ಕೊಡಿಸಿದೆ. ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಬಸ್ಸಿನಲ್ಲಿ ಗುರುತಿಲ್ಲದವರ ಕಾಲು ತುಳಿದರೆ ಸಾರಿ ಅನ್ನುತ್ತೇವೆ, ಮನೆಯವರಿಗೆ ಊಟವಾಯಿತೇ ಎಂದು ಕೇಳುತ್ತೇವೆ. ಆದೋನಿಯಲ್ಲಿ ಇಳಿದ ಮೇಲೆ ಅಂಗಡಿಗೆ ಓಡಿ, ಇದ್ದದ್ದರಲ್ಲೇ ಒಳ್ಳೆಯ ತಲೆದಿಂಬು ತಂದು, ಹೊಳಗುಂದದ ಬಸ್ಸಿನಲ್ಲಿ ಕೂತ ಅಕ್ಕನಿಗೆ ಕಿಟಕಿಯಿಂದ ಕೊಟ್ಟೆ.

ಅಕ್ಕ ಅದನ್ನು ಒತ್ತಿ ನೋಡಿದಳು. "ಈರ್ಯಾ, ಸಣ್ಣಾವಿದ್ದಾಗಿಂದ ನೋಡೀನಿ. ಏನಾರ ತಪ್ಪು ಮಾಡಿದ್ರನ ನೀ ನನಗ ಏನಾರ ತರ್ತಿ. ಬರ್ತೀನಿ ಅಂದ್ರ ಹೋಗ್ತೀನಿ ಅಂತ ನನಗ ತಿಳೀಲಿಲ್ಲ ಅನ್ಕಂಡಿಯೇನು? ನಾನೂ ಅದಾ ಅವ್ವನ ಹೊಟ್ಟ್ಯಾಗ ಹುಟ್ಟಿದಾಕಿ."

"ಮತ್ತ ಯಾಕ ಅಲ್ಲೇ ಕುಂತಿ?"

"ಹೋದಾವ ಬರ್ಲಿ ಅಂತನ ಅಲ್ಲೇನೋ ಅವ್ವ ಹಂಗ ಅನ್ನಸ್ತಿದ್ದಿದ್ದು? ಓಡಿ ಬಂದ್ರ ಹಸದಿರ್ತಾನ ಅಂತ ಹಿಟ್ಟು ಕಲಸಿದೆ."

ನಾನು ಏನೋ ಹೇಳಲು ಹೋದೆ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಗುಡುಗುಟ್ಟಿತು. ಅಕ್ಕ ತಲೆದಿಂಬು ತೊಡೆಯ ಮೇಲಿಟ್ಟುಕೊಂಡು "ಬರ್ತೀನಪಾ" ಎಂದಳು. ಬಸ್ಸು ಚಲಿಸಿತು. ನಾನು ಪಕ್ಕದಲ್ಲೇ ಓಡುತ್ತ "ಅಕ್ಕಾ!" ಎಂದು ಕೂಗಿದೆ. ಒಂದರ ಹಿಂದೆ ಒಂದು ಕಿಟಕಿಯಿಂದ, ಹೊಳಗುಂದದ ಕಡೆಯ ಹೆಂಗಸರೆಲ್ಲ ತಲೆ ಹೊರಹಾಕಿ ನನ್ನನ್ನು ನೋಡಿದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅಷ್ಟೂ ಮಂದಿ ಅಕ್ಕಂದಿರಿಗೆ ಕೇಳಿಸುವಂತೆ, ಎಂಜಿನ್ನಿಗಿಂತ ಜೋರಾಗಿ, ಕೂಗಿಯೇಬಿಟ್ಟೆ:

"ನಿನ್ನ ಬಿಟ್ಟು ಹೋಗಿದ್ದೆ ಅಕ್ಕಾ, ನಂದು ತಪ್ಪಾತು!"