ಯಜಮಾನರ ಖಾಲಿ ಸಾಲು

ಮನೆಯ ವಿಡಿಯೊಗಳನ್ನು ಕಂಡ ಕೂಡಲೇ ಗುರುತು ಸಿಗುವಂತೆ ಜೋಡಿಸುವ ಸಮಿತಿಯು ಭಾನುವಾರ ಬೆಳಗಿನ ಕಾಫಿಯ ನಂತರ ವಿಧ್ಯುಕ್ತವಾಗಿ ಅಸ್ತಿತ್ವಕ್ಕೆ ಬಂದಿತು. ನಿವೃತ್ತ ಹೆಡ್ ಕ್ಲರ್ಕರಾದ ಯಜಮಾನರು ಅಧ್ಯಕ್ಷ ಸ್ಥಾನಕ್ಕೆ ತಮ್ಮ ಹೆಸರನ್ನು ತಾವೇ ಸೂಚಿಸಿ, ತಾವೇ ಅನುಮೋದಿಸಿ, ತಾವೇ ಚಪ್ಪಾಳೆ ತಟ್ಟಿದರು. ಹೆಂಡತಿ ಮತ್ತು ಸೊಸೆ ಅದೇ ಮೇಜಿನಲ್ಲಿ ಬಟಾಣಿ ಬಿಡಿಸುತ್ತಿದ್ದುದರಿಂದ ಸದಸ್ಯರಾದರು.

ಸಮಿತಿ ಬೇಕಿರಲಿಲ್ಲ ಎನ್ನುವಂತಿಲ್ಲ. ಕಂಪ್ಯೂಟರಿನಲ್ಲಿದ್ದ ವಿಡಿಯೊಗಳಿಗೆ 'ಹೊಸದು', 'ಮತ್ತೆ ಹೊಸದು', 'ಇದೇ ಕೊನೆಯದು', 'ಇದಾದ ಮೇಲಿನದು' ಎಂದೆಲ್ಲ ಹೆಸರು. ಮಗನ ಮದುವೆ ಹುಡುಕಲು ಹೋದವರು ನೀರಿನ ಟ್ಯಾಂಕು ತೊಳೆದದ್ದನ್ನು ಪೂರ್ತಿ ನೋಡಿ ಬರುತ್ತಿದ್ದರು. ಇನ್ನು ಮುಂದೆ ಟಿವಿಯ ಪರದೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಸಾಲು, ಪ್ರತಿ ವಿಡಿಯೊಗೂ ಒಂದು ಚಿತ್ರ. ಚಿತ್ರ ನೋಡಿ ಗುಂಡಿ ಒತ್ತಿದರೆ ಮುಗಿಯಿತು.

ಅಧ್ಯಕ್ಷರು ಎದ್ದು ನಿಂತು ನಿಯಮ ಓದಿದರು: "ಚಿತ್ರದಲ್ಲಿ ಮುಖವು ಸ್ಪಷ್ಟವಾಗಿ ಕಾಣತಕ್ಕದ್ದು. ಒಂದು ವಿಡಿಯೊ ಒಂದೇ ಸಾಲಿಗೆ ಸೇರತಕ್ಕದ್ದು. ಹಲವರಿದ್ದಲ್ಲಿ ಹಿರಿಯರಿಗೆ ಸಲ್ಲತಕ್ಕದ್ದು. ಯಾವ ವಿಡಿಯೊದಲ್ಲೂ ಮುಖ ಕಾಣದವರನ್ನು ಈ ಮನೆಯವರೆಂದು ಪರಿಗಣಿಸತಕ್ಕದ್ದಲ್ಲ."

ಕೆಲಸ ಭರದಿಂದ ಸಾಗಿತು. ಊಟದ ಹೊತ್ತಿಗೆ ತಪ್ಪದೆ ಹಾಜರಾಗುವ ಹೆಂಡತಿಯ ಅಣ್ಣನಿಗೆ ಎಲ್ಲಕ್ಕಿಂತ ಉದ್ದದ ಸಾಲು ದಕ್ಕಿತು. ಮಗನ ಮದುವೆಯೂ ಅವನ ಪಾಲಿಗೇ ಹೋಯಿತು. ಅದರ ಚಿತ್ರದಲ್ಲಿ ಅವನ ಬಾಯಿ ತುಂಬ ಲಾಡು.

"ರೀ, ನಾನು ಆಕಳಿಸ್ತಿರೋದನ್ನೇ ಹಾಕಿದ್ದೀರಲ್ಲ!" ಎಂದು ಹೆಂಡತಿ ಆಕ್ಷೇಪಣೆ ಸಲ್ಲಿಸಿದರು.

"ಮುಖ ಸ್ಪಷ್ಟವಾಗಿದೆ," ಎಂದು ಅಧ್ಯಕ್ಷರು ಅದನ್ನು ವಿಲೇವಾರಿ ಮಾಡಿದರು.

ಕೊನೆಗೆ ನೋಡಿದರೆ ಎಲ್ಲರ ಸಾಲೂ ತುಂಬಿತ್ತು, ಯಜಮಾನರದು ಮಾತ್ರ ಖಾಲಿ. ಕ್ಯಾಮೆರಾ ಕೊಂಡ ದಿನದಿಂದ ಅವರು ಅದನ್ನು ಯಾರ ಕೈಗೂ ಕೊಟ್ಟವರಲ್ಲ. "ನಿಮ್ಮ ಕೈ ನಡುಗುತ್ತೆ," ಎಂದು ಎಲ್ಲರನ್ನೂ ದೂರ ಇಟ್ಟಿದ್ದರು.

"ಮಾವ, ನಿಯಮದ ಪ್ರಕಾರ ನೀವು ಈ ಮನೆಯವರಲ್ಲ," ಎಂದಳು ಸೊಸೆ, ಬಟಾಣಿಯಿಂದ ಕಣ್ಣೆತ್ತದೆ.

ಯಜಮಾನರು ನಿಯಮವನ್ನು ಮತ್ತೊಮ್ಮೆ ಓದಿದರು. ಸೊಸೆ ಹೇಳಿದ್ದು ಸರಿಯಾಗಿತ್ತು. ತಮ್ಮನ್ನು ವಿಶೇಷ ಪ್ರಕರಣವೆಂದು ಸೇರಿಸಿಕೊಳ್ಳಬೇಕೆಂದು ಅಧ್ಯಕ್ಷರಿಗೆ ಅರ್ಜಿ ಬರೆದರು; ಅಧ್ಯಕ್ಷರಾಗಿ ಅದನ್ನು ವಿಷಾದಪೂರ್ವಕವಾಗಿ ತಿರಸ್ಕರಿಸಿದರು. ಆಮೇಲೆ ಒಬ್ಬರೇ ಟಿವಿಯ ಮುಂದೆ ಕೂತರು. ಮಗ ಸೈಕಲ್ ಕಲಿತದ್ದು, ಹೆಂಡತಿ ಹೊಸ ಮನೆಯ ಕಿಟಕಿ ತೆರೆದದ್ದು, ಎಲ್ಲದರಲ್ಲೂ "ಇಲ್ನೋಡಿ, ಇಲ್ನೋಡಿ" ಎಂಬ ತಮ್ಮ ದನಿ ಇತ್ತು. ದನಿಗೆ ಮುಖವಿಲ್ಲ. ಅವರಿಗೆ ಅಳು ಬಂತು. ಇಷ್ಟು ವರ್ಷ ಈ ಮನೆಯಲ್ಲಿ ಬಾಳಿದ್ದಕ್ಕೆ ತಮ್ಮದೊಂದು ಗುರುತೂ ಇಲ್ಲವಲ್ಲ ಎನಿಸಿತು.

ಹೆಂಡತಿ ಪಕ್ಕದಲ್ಲಿ ಬಂದು ಕೂತರು. "ಮೂಲೇಲಿ ಅದೇನ್ರೀ, ಕೆಂಪಗೆ?"

ಕ್ಯಾಮೆರಾಕ್ಕೆ ಅಡ್ಡ ಬಂದ ಯಜಮಾನರ ಹೆಬ್ಬೆರಳು. ಬಾಗಿಲಿಗೆ ಸಿಕ್ಕು ಸೊಟ್ಟಗಾದ ಉಗುರು. ಮುಂದಿನದರಲ್ಲೂ ಇತ್ತು. ಅದರ ಮುಂದಿನದರಲ್ಲೂ.

"ಎಲ್ಲದರಲ್ಲೂ ನೀವೇ ಇದ್ದೀರಲ್ರೀ!" ಎಂದು ಹೆಂಡತಿ ಅವರ ಕೈ ಹಿಡಿದುಕೊಂಡರು.

ತುರ್ತು ಸಭೆ ಸೇರಿತು. 'ಹೆಬ್ಬೆರಳನ್ನು ಮುಖವೆಂದು ಪರಿಗಣಿಸತಕ್ಕದ್ದು' ಎಂಬ ತಿದ್ದುಪಡಿ ಸರ್ವಾನುಮತದಿಂದ ಅಂಗೀಕಾರವಾಯಿತು. ಯಜಮಾನರು ಎಲ್ಲರಿಗಿಂತ ಹಿರಿಯರಾದ್ದರಿಂದ, ಹೆಬ್ಬೆರಳು ಎಲ್ಲದರಲ್ಲೂ ಇದ್ದುದರಿಂದ, ಸಂಜೆಯೊಳಗೆ ಅಷ್ಟೂ ವಿಡಿಯೊಗಳು ನಿಯಮಾನುಸಾರ ಅವರ ಸಾಲಿಗೆ ವರ್ಗವಾದವು. ಮುಖಗಳಿದ್ದ ಚಿತ್ರಗಳ ಜಾಗದಲ್ಲಿ ಪರದೆಯ ತುಂಬ ಹೆಬ್ಬೆರಳುಗಳು ನಿಂತವು. ಸಮಿತಿಯು ತನ್ನ ಉದ್ದೇಶ ಈಡೇರಿತೆಂದು ಘೋಷಿಸಿ ವಿಸರ್ಜನೆಯಾಯಿತು.

ಊಟಕ್ಕೆ ಬಂದ ಹೆಂಡತಿಯ ಅಣ್ಣ ಮದುವೆ ನೋಡಬೇಕೆಂದ. ಒಂದು ಹೆಬ್ಬೆರಳು ಒತ್ತಿದರು, ನೀರಿನ ಟ್ಯಾಂಕು ಬಂತು. ಅದನ್ನು ಪೂರ್ತಿ ನೋಡಿದರು.

"ಭಾವ ಇದರಲ್ಲಿ ಸ್ವಲ್ಪ ಸೊರಗಿದ ಹಾಗೆ ಕಾಣ್ತಾರೆ," ಎಂದ ಅವನು, ತಟ್ಟೆ ಮುಂದಕ್ಕೆ ಎಳೆದುಕೊಳ್ಳುತ್ತಾ.

"ಆಗ ಜ್ವರ ಬಂದಿತ್ತಲ್ಲ," ಎಂದರು ಹೆಂಡತಿ.

ಎಲ್ಲರೂ ಹೌದೆಂದು ತಲೆಯಾಡಿಸಿದರು.